ಕೇಸ್ ಬುಕ್‌ನಿಂದ ಥೀಸಿಸ್‌ವರೆಗೆ: ನರ್ಸಿಂಗ್ ಕೋರ್ಸನ್ನು ಕಾಪಿ ಹೊಡೆಯದೆ ಮುಗಿಸುವುದು ಹೇಗೆ

ಮೇಲ್ ಮೆಡಿಕಲ್ ವಾರ್ಡ್, ಬೆಳಿಗ್ಗೆ ಎಂಟು ಗಂಟೆ. ನನ್ನ ಕೈಯಲ್ಲಿ ಟಿಪಿಆರ್ ಚಾರ್ಟ್, ಅಂದರೆ ಟೆಂಪರೇಚರ್, ಪಲ್ಸ್, ಉಸಿರಾಟ ಬರೆಯುವ ಹಾಳೆ. ಹನ್ನೆರಡು ಬೆಡ್, ಹನ್ನೆರಡು ಪೇಷಂಟ್, ಹನ್ನೆರಡೂ ಜನರ ಉಸಿರಾಟ 20. ಟೆಂಪರೇಚರ್ ನೋಡಿದ್ದೆ, ಪಲ್ಸ್ ಅರ್ಧ ನಿಮಿಷ ಹಿಡಿದು ಎರಡರಿಂದ ಗುಣಿಸಿದ್ದೆ. ಉಸಿರಾಟ ಮಾತ್ರ ಎಣಿಸಿರಲಿಲ್ಲ. ಅದನ್ನು ಯಾರು ಎಣಿಸ್ತಾರೆ, 18, 20, 22 ಅಂತ ಬದಲಾಯಿಸಿ ಬದಲಾಯಿಸಿ ಬರೆದುಬಿಡು ಅಂತ ಸೀನಿಯರ್ ಹೇಳಿಕೊಟ್ಟಿದ್ದರು. ನನಗೆ ಬದಲಾಯಿಸುವಷ್ಟೂ ಪುರುಸೊತ್ತು ಇರಲಿಲ್ಲ.

ಇನ್‌ಚಾರ್ಜ್ ಸಿಸ್ಟರ್ ಚಾರ್ಟ್ ನೋಡಿದರು. ಬೈಯಲಿಲ್ಲ. "ಬಾಮ್ಮ ಇಲ್ಲಿ" ಅಂತ ಏಳನೇ ಬೆಡ್ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇದ್ದ ಒಬ್ಬ ತಾತ ಊಟದ ಟೇಬಲ್ ಮೇಲೆ ಎರಡೂ ಕೈ ಊರಿ, ಮುಂದಕ್ಕೆ ಬಾಗಿ ಕೂತಿದ್ದರು. "ತಾತನ ಬೆನ್ನ ಮೇಲೆ ಕೈ ಇಡು. ಗಡಿಯಾರ ನೋಡು. ಪೂರ್ತಿ ಒಂದು ನಿಮಿಷ." ಎಣಿಸಿದೆ. 34.

ಆಮೇಲೆ ನಾನೇ ಟ್ಯೂಟರ್ ಆದೆ. ವರ್ಷಗಟ್ಟಲೆ ಕೇಸ್ ಬುಕ್, ಅಂದರೆ ವಿದ್ಯಾರ್ಥಿಗಳು ತಾವು ನೋಡಿಕೊಂಡ ಪೇಷಂಟ್‌ಗಳ ಬಗ್ಗೆ ಬರೆಯುವ ರೆಕಾರ್ಡ್, ತಿದ್ದಿದೆ. ಕಾಪಿ ಹಿಡಿದೆ, ಕೆಲವು ಸಲ ನೋಡಿಯೂ ಬಿಟ್ಟೆ, ಅದೂ ನಿಜ. ಈ ಬರಹ ಬಿ.ಎಸ್‌ಸಿ ನರ್ಸಿಂಗ್, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಎಂ.ಎಸ್‌ಸಿ ನರ್ಸಿಂಗ್ ಓದುತ್ತಿರುವವರಿಗೆ. ಉಪದೇಶ ಇಲ್ಲ. ದಿನಾ ಏನು ಮಾಡಬೇಕು ಅನ್ನೋದು ಮಾತ್ರ.

ಬೇರೆ ಕೋರ್ಸಿನಲ್ಲಿ ಕಾಪಿ ಹೊಡೆದರೆ ಹೊಡೆದವರಿಗೆ ವಿಷಯ ಬರೋದಿಲ್ಲ, ಅಷ್ಟೇ. ನಮ್ಮಲ್ಲಿ ಹಾಗಲ್ಲ. ಕೇಸ್ ಬುಕ್‌ನಲ್ಲಿ ನೋಡದ್ದನ್ನು ನೋಡಿದೆ ಅಂತ ಬರೆದು ರೂಢಿಯಾದ ಕೈ ಮುಂದೆ ಐಸಿಯು ಚಾರ್ಟ್‌ನಲ್ಲೂ ಹಾಗೇ ಬರೆಯುತ್ತದೆ. ಇದು ನನ್ನೊಬ್ಬಳ ಅನುಮಾನ ಅಲ್ಲ. 1985ರಲ್ಲೇ ಅಮೆರಿಕದಲ್ಲಿ ಗೇಲ್ ಹಿಲ್ಬರ್ಟ್ ಅನ್ನುವವರು ನರ್ಸಿಂಗ್ ವಿದ್ಯಾರ್ಥಿಗಳನ್ನು ಕೇಳಿ ನೋಡಿದ್ದರು. ತರಗತಿಯಲ್ಲಿ ಮೋಸ ಮಾಡುವುದಕ್ಕೂ ವಾರ್ಡಿನಲ್ಲಿ ಮೋಸ ಮಾಡುವುದಕ್ಕೂ ನಂಟಿದೆ ಅಂತ ಆಗಲೇ ಕಂಡಿತ್ತು.

ಹೆಜ್ಜೆ 1: ಯಾವುದು ಕಾಪಿ, ಯಾವುದು ಅಲ್ಲ ಅಂತ ಮೊದಲು ತಿಳಿದುಕೊಳ್ಳಿ

ಚೀಟಿ ಇಟ್ಟುಕೊಳ್ಳೋದು ಕಾಪಿ ಅಂತ ಎಲ್ಲರಿಗೂ ಗೊತ್ತು. ಸೀನಿಯರ್ ರೆಕಾರ್ಡ್ ಇಸ್ಕೊಂಡು ಹೆಸರು, ವಯಸ್ಸು ಬದಲಾಯಿಸಿ ಬರೆಯೋದನ್ನು ಮಾತ್ರ ಯಾರೂ ಕಾಪಿ ಅನ್ನೋದೇ ಇಲ್ಲ. ಅದಕ್ಕೆ "ರೆಕಾರ್ಡ್ ಕಂಪ್ಲೀಟ್ ಮಾಡೋದು" ಅಂತ ಹೆಸರು. ಗೆಳತಿಗೆ ಪ್ರಾಕ್ಸಿ ಹಾಕೋದು "ಹೆಲ್ಪ್". ಮಾಡದ ಪ್ರೊಸೀಜರ್‌ಗೆ ಸಹಿ ಹಾಕಿಸಿಕೊಳ್ಳೋದು "ಅಡ್ಜಸ್ಟ್‌ಮೆಂಟ್". ಹೆಸರು ಏನೇ ಇಟ್ಟರೂ ಇವೆಲ್ಲ ಒಂದೇ ಸಾಲಿಗೆ ಸೇರುತ್ತವೆ.

ತಪ್ಪಲ್ಲದ್ದೂ ಬೇಕಾದಷ್ಟಿದೆ. ಕೇರ್ ಪ್ಲ್ಯಾನ್‌ನ (ಒಬ್ಬ ಪೇಷಂಟ್‌ಗೆ ಏನು ತೊಂದರೆ, ಏನು ಆರೈಕೆ ಅಂತ ಬರೆಯುವ ಯೋಜನೆ) ಫಾರ್ಮ್ಯಾಟ್ ಹೇಗಿರುತ್ತೆ ಅಂತ ಸೀನಿಯರ್ ಬುಕ್ ನೋಡಬಹುದು. ಗುಂಪಾಗಿ ಕೂತು ಓದಬಹುದು. ಡ್ರಗ್ ಬುಕ್‌ನಲ್ಲಿ ಫ್ಯೂರೋಸಮೈಡ್‌ನ ಸೈಡ್ ಎಫೆಕ್ಟ್ ಪಠ್ಯಪುಸ್ತಕದಿಂದಲೇ ಬರಬೇಕು, ನಿಮ್ಮ ತಲೆಯಿಂದ ಬರುವುದು ಬೇಡವೇ ಬೇಡ. ಗೊಂದಲ ಆದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಸಾಲಿನಲ್ಲಿ ಇರೋದನ್ನು ನೋಡಿದ್ದು ಅಥವಾ ಮಾಡಿದ್ದು ಯಾರು? ನಾನು ಅಂತ ಉತ್ತರ ಬಂದರೆ ಬರೆಯಿರಿ. ಪುಸ್ತಕ ಅಂತ ಬಂದರೆ ಪುಸ್ತಕದ ಹೆಸರು ಹಾಕಿ ಬರೆಯಿರಿ. "ಯಾರೂ ಇಲ್ಲ" ಅಂತ ಬಂದರೆ ಪೆನ್ನು ಕೆಳಗಿಡಿ.

ಹೆಜ್ಜೆ 2: ಲಾಗ್ ಬುಕ್ಕನ್ನು ಅದೇ ದಿನ, ಅದೇ ಶಿಫ್ಟಿನಲ್ಲಿ ಬರೆಯಿರಿ

ಕಾಪಿಯ ತವರುಮನೆ ಲಾಗ್ ಬುಕ್, ಅಂದರೆ ಮಾಡಿದ ಪ್ರೊಸೀಜರ್‌ಗಳನ್ನು ಬರೆದು ಸಹಿ ಹಾಕಿಸಿಕೊಳ್ಳುವ ಪುಸ್ತಕ. ಸೆಮಿಸ್ಟರ್ ಮುಗಿಯುವ ವಾರದಲ್ಲಿ ಹಾಸ್ಟೆಲ್ ರೂಮಿಗೆ ಹೋಗಿ ನೋಡಿ. ಮಂಚದ ಮೇಲೆ ಐದು ಬುಕ್ ಹರಡಿರುತ್ತವೆ, ಒಬ್ಬಳು ಡೇಟ್ ಹಾಕುತ್ತಾಳೆ, ಇನ್ನೊಬ್ಬಳು ಪ್ರೊಸೀಜರ್ ಹೇಳುತ್ತಾಳೆ. ಈಗ ಕ್ಯಾಥೆಟರೈಸೇಶನ್, ಅಂದರೆ ಮೂತ್ರಕ್ಕೆ ಟ್ಯೂಬ್ ಹಾಕುವುದರ ಸರದಿ. "ಕ್ಯಾಥೆಟರೈಸೇಶನ್ ಎಷ್ಟು ಬೇಕೇ?" "ಐದು." "ನಾನು ಮಾಡಿರೋದು ಒಂದೇ ಅಲ್ವಾ?" "ಬರಿ ಸುಮ್ನೆ." ಮಾರನೇ ದಿನ ಇನ್‌ಚಾರ್ಜ್ ಸಿಸ್ಟರ್ ಎದುರು ಕ್ಯೂ. ಅವರಿಗೆ ಮೂವತ್ತು ಬೆಡ್ ನೋಡಿಕೊಳ್ಳೋದಿದೆ, ಓದದೆ ಸಹಿ ಗೀಚುತ್ತಾರೆ.

ಇದಕ್ಕೆ ಮದ್ದು ಒಂದು ಪುಟ್ಟ ನೋಟ್‌ಬುಕ್. ಯೂನಿಫಾರ್ಮ್ ಜೇಬಿನಲ್ಲಿ ಹಿಡಿಸುವಂಥದ್ದು, ಹತ್ತಿಪ್ಪತ್ತು ರೂಪಾಯಿಯದು ಸಾಕು. ಪ್ರೊಸೀಜರ್ ಮುಗಿಸಿ ಕೈ ತೊಳೆದ ತಕ್ಷಣ ತಾರೀಖು, ಶಿಫ್ಟ್, ವಾರ್ಡ್, ಏನು ಮಾಡಿದ್ದು, ಯಾರ ಎದುರು ಅಂತ ಬರೆದಿಡಿ. ಮುಖ್ಯವಾಗಿ ಬರೀ ನೋಡಿದ್ದಾ, ಸಹಾಯಕ್ಕೆ ನಿಂತಿದ್ದಾ, ಸಿಸ್ಟರ್ ಎದುರಿಗೆ ನೀವೇ ಮಾಡಿದ್ದಾ ಅನ್ನೋದನ್ನು ಬೇರೆ ಬೇರೆಯಾಗಿ ಬರೆಯಿರಿ. ಹೆಚ್ಚಿನ ಸುಳ್ಳು ಹುಟ್ಟೋದು ಇಲ್ಲಿಯೇ. ನೋಡಿದ್ದು "ಅಸಿಸ್ಟ್" ಆಗುತ್ತದೆ, ಅಸಿಸ್ಟ್ ಮಾಡಿದ್ದು "ಪರ್ಫಾರ್ಮ್" ಆಗುತ್ತದೆ. ಲೇಬರ್ ರೂಮಿನಲ್ಲಿ ಮೂಲೆಯಲ್ಲಿ ನಿಂತು ನೋಡಿದ ಹೆರಿಗೆಯನ್ನು ನಾನೇ ಮಾಡಿಸಿದೆ ಅಂತ ಬರೆದುಕೊಂಡವಳು ನಾಳೆ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬಳೇ ಇರುತ್ತಾಳೆ. ಆಗ ಲಾಗ್ ಬುಕ್ ಕೈ ಹಿಡಿಯೋದಿಲ್ಲ.

ಶಿಫ್ಟ್ ಮುಗಿಯುವ ಹದಿನೈದು ನಿಮಿಷ ಮೊದಲು ಸಹಿ ಕೇಳಿ. ಹ್ಯಾಂಡ್‌ಓವರ್ ಹೊತ್ತಿನಲ್ಲಿ ಕೇಳಬೇಡಿ, ಬೈಸಿಕೊಳ್ತೀರಿ. ಅವತ್ತು ಸಿಗದಿದ್ದರೆ ಮಾರನೇ ದಿನ ಕೇಳಿ. ವಾರ ಕಳೆದರೆ ಅವರಿಗೂ ನೆನಪಿರೋದಿಲ್ಲ, ನಿಮಗೂ ಇರೋದಿಲ್ಲ.

ಸಂಖ್ಯೆ ಕಡಿಮೆ ಬಿತ್ತು ಅಂದುಕೊಳ್ಳಿ. ಸೆಮಿಸ್ಟರ್ ಮುಗಿಯಲು ಒಂದು ತಿಂಗಳು ಇರುವಾಗಲೇ ಕ್ಲಿನಿಕಲ್ ಕೋಆರ್ಡಿನೇಟರ್ ಹತ್ತಿರ ಹೋಗಿ, "ಮ್ಯಾಮ್, ನನಗೆ ಇನ್ನೂ ಮೂರು ಕ್ಯಾಥೆಟರೈಸೇಶನ್ ಬಾಕಿ, ಯೂರಾಲಜಿಗೋ ಸರ್ಜಿಕಲ್ ವಾರ್ಡ್‌ಗೋ ಎರಡು ದಿನ ಹಾಕ್ತೀರಾ?" ಅಂತ ಕೇಳಿ. ಕೊನೇ ವಾರದಲ್ಲಿ ಕೇಳಿದರೆ "ಈಗ ಬಂದು ಹೇಳ್ತೀಯಲ್ಲ" ಅಂತಾರೆ. ಒಂದು ತಿಂಗಳ ಮೊದಲು ಬಂದವರಿಗೆ ಇಲ್ಲ ಅಂದ ಕೋಆರ್ಡಿನೇಟರ್‌ನ ನಾನು ನೋಡಿಲ್ಲ.

ಹಾಜರಾತಿ ವಿಷಯವೂ ಇಲ್ಲೇ ಬರುತ್ತದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಬಿ.ಎಸ್‌ಸಿ ನರ್ಸಿಂಗ್ ಸಿಲಬಸ್ ಬದಲಾಯಿಸಿ ಸೆಮಿಸ್ಟರ್ ಮಾಡಿತಲ್ಲ, ಅದರ ಪ್ರಕಾರ ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ 80% ಹಾಜರಾತಿ ಬೇಕು. ಆದರೆ ಡಿಗ್ರಿ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್ ಪೋಸ್ಟಿಂಗ್ 100% ಆಗಿರಬೇಕು. ಅಂದರೆ ಜ್ವರ ಬಂದು ತಪ್ಪಿಸಿಕೊಂಡ ಪೋಸ್ಟಿಂಗನ್ನು ಆಮೇಲೆ ಮಾಡಿಕೊಡಲೇಬೇಕು. ಆ ದಾರಿ ಇರುವಾಗ ಪ್ರಾಕ್ಸಿ ಯಾಕೆ? ರಜೆಯಲ್ಲಿ ನಾಲ್ಕು ದಿನ ಜಾಸ್ತಿ ಬರಬೇಕಾಗುತ್ತದೆ, ಊರಿಗೆ ಹೋಗೋದು ತಡವಾಗುತ್ತದೆ. ಅಷ್ಟೇ.

ಹೆಜ್ಜೆ 3: ಚಾರ್ಟ್‌ನಲ್ಲಿ ಖಾಲಿ ಬಿಡಲು ಹೆದರಬೇಡಿ

ಒಂಬತ್ತಕ್ಕೆ ನೋಡಬೇಕಿದ್ದ ಬಿಪಿಯನ್ನು ಹತ್ತು ಕಾಲಕ್ಕೆ ನೋಡಿದರೆ ಹತ್ತು ಕಾಲು ಅಂತಲೇ ಬರೆಯಿರಿ. ಪೇಷಂಟ್ ಎಕ್ಸ್‌ರೇಗೆ ಹೋಗಿದ್ದರು, ನೋಡಲಾಗಲಿಲ್ಲ ಅಂದರೆ ಅದನ್ನೇ ಬರೆಯಿರಿ. ಮರೆತುಹೋಯಿತು ಅಂದರೆ ಸಿಸ್ಟರ್‌ಗೆ ಹೇಳಿ, ಈಗ ನೋಡಿ, ಈಗಿನ ಸಮಯ ಹಾಕಿ. ಮರೆತದ್ದಕ್ಕೆ ಬೈಗುಳ ಸಿಗುತ್ತದೆ, ಕಟ್ಟಿ ಬರೆದ ಬಿಪಿ ನೋಡಿ ಡಾಕ್ಟರು ಮಾತ್ರೆಯ ಡೋಸ್ ಬದಲಾಯಿಸುತ್ತಾರೆ. ಯಾವುದು ವಾಸಿ?

ತಪ್ಪು ಬರೆದರೆ ಒಂದೇ ಗೆರೆ. ಕೆಳಗಿನ ಅಕ್ಷರ ಓದಲು ಬರುವ ಹಾಗೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಮಯ ಹಾಕಿ ಸಹಿ ಮಾಡಿ. ವೈಟ್ನರ್ ಮುಟ್ಟಬೇಡಿ. 6ನ್ನು 8 ಮಾಡೋದು, ಹಾಳೆ ಹರಿದು ಹೊಸದು ಬರೆಯೋದು ಎರಡೂ ಬೇಡ. ಕೇಸ್ ಶೀಟ್ ಕೋರ್ಟಿಗೆ ಹೋದರೆ ಗೆರೆ ಎಳೆದ ತಪ್ಪು ತಪ್ಪಾಗಿಯೇ ಕಾಣುತ್ತದೆ. ವೈಟ್ನರ್ ಬಳಿದದ್ದು ಮಾತ್ರ ಏನನ್ನೋ ಮುಚ್ಚಿಟ್ಟ ಹಾಗೆ ಕಾಣುತ್ತದೆ.

ನಿಮ್ಮ ಚಾರ್ಟನ್ನು ನೀವೇ ಹಿಡಿಯುವ ಒಂದು ಉಪಾಯ ಹೇಳುತ್ತೇನೆ. ವಾರದ ಎಲ್ಲ ಬಿಪಿ ಸಾಲಾಗಿ ನೋಡಿ. ಎಲ್ಲವೂ 110/70, 120/80, 130/90 ಅಂತ ಸೊನ್ನೆಯಲ್ಲೇ ಮುಗಿಯುತ್ತಿವೆಯಾ? ಕೈಯಿಂದ ನೋಡುವ ಬಿಪಿ ಯಂತ್ರದಲ್ಲಿ ಎರಡೆರಡರ ಗೆರೆ ಇರುತ್ತದೆ. ನಿಜವಾಗಿ ನೋಡಿದವರಿಗೆ 118, 124, 76, 82 ಸಿಕ್ಕೇ ಸಿಗುತ್ತದೆ.

ಹೆಜ್ಜೆ 4: ಕೇರ್ ಪ್ಲ್ಯಾನ್ ಬೆಡ್ ಪಕ್ಕದಲ್ಲಿ ಶುರುವಾಗಲಿ

ಒಂದು ಸಲ ಒಬ್ಬ ಹುಡುಗನ ಕೇರ್ ಪ್ಲ್ಯಾನ್ ತಿದ್ದುತ್ತಿದ್ದೆ. ಅಕ್ಷರ ಮುತ್ತಿನ ಹಾಗೆ, ಸ್ಕೇಲ್ ಇಟ್ಟು ಗೆರೆ ಎಳೆದಿದ್ದ. ಪೇಷಂಟ್‌ಗೆ ಡಯಾಬಿಟಿಕ್ ಫುಟ್, ಅಂದರೆ ಶುಗರ್ ಕಾಯಿಲೆಯಿಂದ ಪಾದ ಹಾಳಾಗುವುದು. ಅಸೆಸ್‌ಮೆಂಟ್‌ನಲ್ಲಿ "ಎರಡೂ ಪಾದದಲ್ಲಿ ಪಲ್ಸ್ ಸಿಗುತ್ತಿದೆ" ಅಂತ ಬರೆದಿದ್ದ. ಆ ಪೇಷಂಟ್ ನನಗೆ ಗೊತ್ತಿದ್ದರು. ಅವರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದು ಆರು ದಿನ ಆಗಿತ್ತು.

ಇನ್ನೊಂದು ಸಲ, ಕಿಡ್ನಿ ಕೈಕೊಟ್ಟು ನೀರಿಗೆ ಮಿತಿ ಹಾಕಿದ್ದ ಪೇಷಂಟ್‌ಗೆ "ದಿನಕ್ಕೆ ಮೂರು ಲೀಟರ್ ನೀರು ಕುಡಿಯಲು ಹೇಳಲಾಯಿತು" ಅಂತ ಬರೆದಿದ್ದಳು ಒಬ್ಬಳು. ಜ್ವರದ ಕೇರ್ ಪ್ಲ್ಯಾನ್‌ನಿಂದ ಎತ್ತಿದ ಸಾಲು ಅದು. ನಿಜವಾಗಿ ಹೇಳಿರಲಿಲ್ಲ, ಪುಣ್ಯ. ಸುಳ್ಳು ಬರೆದದ್ದಕ್ಕೆ ನಾನು ಸಮಾಧಾನಪಟ್ಟ ಒಂದೇ ಸಂದರ್ಭ ಅದು.

ಹೀಗೆ ಮಾಡಿ. ಬುಕ್ ತೆಗೆಯುವ ಮೊದಲು ಬೆಡ್ ಪಕ್ಕದಲ್ಲಿ ಹದಿನೈದು ನಿಮಿಷ ಕೂರಿ. ಈ ಪೇಷಂಟ್‌ಗೆ ಮಾತ್ರ ಹೊಂದುವ, ಪಕ್ಕದ ಬೆಡ್ಡಿನವರಿಗೆ ಹೊಂದದ ಐದು ವಿಷಯ ಹುಡುಕಿ. ಅವರು ಏನಂದರೋ ಅವರ ಮಾತಿನಲ್ಲೇ ಬರೆದುಕೊಳ್ಳಿ. "ಸಬ್ಜೆಕ್ಟಿವ್ ಡೇಟಾ" ಅಂದರೆ ಅದೇ ತಾನೇ. "ಹೊಟ್ಟೆ ಭಾರ ಅನ್ಸುತ್ತೆ ಕಣಮ್ಮ, ಎಡಕ್ಕೆ ತಿರುಗಿದ್ರೆ ಜಾಸ್ತಿ" ಅಂದರೆ ಹಾಗೇ ಬರೆದುಕೊಳ್ಳಿ. ರೆಕಾರ್ಡಿಗೆ ಇಂಗ್ಲಿಷ್ ಮಾಡೋದು ಆಮೇಲೆ.

ಎರಡೂ ಥರ ಪಕ್ಕಪಕ್ಕ ನೋಡಿ. ಕಾಪಿ ಸಾಲು: "ಪೇಷಂಟ್‌ಗೆ ನೋವಿದೆ. ಗುರಿ: ನೋವು ಕಡಿಮೆಯಾಗುವುದು. ಮಾಡಿದ್ದು: ಆರಾಮದ ಭಂಗಿ ಕೊಟ್ಟೆ, ಔಷಧಿ ಕೊಟ್ಟೆ. ಫಲ: ನೋವು ಕಡಿಮೆಯಾಯಿತು." ಇದು ಭೂಮಿ ಮೇಲಿನ ಯಾವ ಪೇಷಂಟ್‌ಗೂ ಹೊಂದುತ್ತದೆ. ಈಗ ಸ್ವಂತದ್ದು: "ಹರ್ನಿಯಾ ಆಪರೇಷನ್ ಆಗಿ ಎರಡನೇ ದಿನ. ಸುಮ್ಮನೆ ಮಲಗಿದ್ದಾಗ ನೋವು 10ಕ್ಕೆ 3, ಕೆಮ್ಮಿದರೆ 7. ನೋವಿಗೆ ಹೆದರಿ ಕೆಮ್ಮು ತಡೆಯುತ್ತಾರೆ, ಕಫ ಕಟ್ಟಿದೆ. ಹೊಲಿಗೆ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮುವುದನ್ನು ತೋರಿಸಿಕೊಟ್ಟೆ, ಎರಡು ಸಲ ಮಾಡಿಸಿದೆ. ಮಧ್ಯಾಹ್ನ 12ಕ್ಕೆ ಕೆಮ್ಮುವಾಗ 5. ಕಫ ಬಂತು." ಇಂಗ್ಲಿಷ್ ತಪ್ಪಿದ್ದರೂ ಇದಕ್ಕೆ ನಾನು ಜಾಸ್ತಿ ಮಾರ್ಕ್ಸ್ ಕೊಡುತ್ತೇನೆ. ಯಾಕೆ ದಿಂಬು ಅನ್ನುವ ರ‍್ಯಾಷನೇಲ್ ಮಾತ್ರ ಪುಸ್ತಕದಿಂದ ಬರಲಿ, ಪುಸ್ತಕದ ಹೆಸರು, ಪುಟ ಹಾಕಿ.

ಗುರಿ ಮುಟ್ಟದಿದ್ದರೆ "ಮುಟ್ಟಲಿಲ್ಲ" ಅಂತ ಬರೆಯಿರಿ. ಎಲ್ಲ ಕೇರ್ ಪ್ಲ್ಯಾನ್‌ಗಳ ಕೊನೆಯಲ್ಲೂ "ಗೋಲ್ ಮೆಟ್" ಅಂತ ಇದ್ದರೆ ನಮ್ಮ ಆಸ್ಪತ್ರೆಗಳಲ್ಲಿ ಒಬ್ಬರೂ ಸಾಯಬಾರದಿತ್ತು.

ಕೇಸ್ ಶೀಟ್‌ನ ಫೋಟೋ ಹೊಡೆದುಕೊಂಡು ಹಾಸ್ಟೆಲಲ್ಲಿ ಕೂತು ಬರೆಯೋದು ಬೇಡ. ಪೇಷಂಟ್ ಹೆಸರು, ಐಪಿ ನಂಬರ್, ಊರು ಎಲ್ಲ ನಿಮ್ಮ ಫೋನಿನಲ್ಲಿ, ಅಲ್ಲಿಂದ ಕ್ಲಾಸ್ ಗ್ರೂಪಿನಲ್ಲಿ. ಲ್ಯಾಂಪ್ ಲೈಟಿಂಗ್ ದಿನ ದೀಪ ಹಿಡಿದು ಹೇಳಿದ ನೈಟಿಂಗೇಲ್ ಪ್ರತಿಜ್ಞೆ 1893ರದ್ದು. ಪೇಷಂಟ್‌ನ ಖಾಸಗಿ ವಿಷಯ ಗುಟ್ಟಾಗಿ ಇಡುತ್ತೇನೆ ಅಂತ ಅದರಲ್ಲೇ ಇದೆ. ಬುಕ್‌ನಲ್ಲಿ ಹೆಸರಿನ ಮೊದಲ ಅಕ್ಷರ ಸಾಕು.

ಹೆಜ್ಜೆ 5: ಫ್ಯಾಮಿಲಿ ಫೋಲ್ಡರ್

ಮನೆಮನೆಗೆ ಹೋಗಿ ಒಂದೊಂದು ಕುಟುಂಬದ ಆರೋಗ್ಯದ ವಿವರ ಬರೆಯುವ ರೆಕಾರ್ಡೇ ಫ್ಯಾಮಿಲಿ ಫೋಲ್ಡರ್. ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ ಬಿಸಿಲಿಗೆ ಬೇಸತ್ತು ಒಂದೇ ಮನೆಯ ಜಗಲಿಯಲ್ಲಿ ಕೂತು ಐದು ಮನೆ ಸೃಷ್ಟಿ ಮಾಡುವ ಪ್ರತಿಭೆ ನಮ್ಮ ಮಕ್ಕಳಿಗಿದೆ. ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬ ಅಜ್ಜಿ, ಅಜ್ಜಿಗೆ ಶುಗರ್. ಎಲ್ಲ ಮನೆಯಲ್ಲೂ ಅದೇ ಅಜ್ಜಿ. ಹೀಗೆ ಮಾಡುವ ಬದಲು ಮನೆ ಸಿಗದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾವ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಇರುತ್ತಾರೆ ಅಂತ ಅವರ ಬಾಯಲ್ಲೇ ಇರುತ್ತದೆ. ಕೂಲಿಗೆ ಹೋಗುವ ಮನೆಯಾದರೆ ಬೆಳಿಗ್ಗೆ ಎಂಟಕ್ಕೆ ಮೊದಲು ಹೋಗಿ. ಬೀಗ ಹಾಕಿದ್ದರೆ "ಬೀಗ ಹಾಕಿತ್ತು, ಇಂಥ ದಿನ ಮತ್ತೆ ಬಂದೆ" ಅಂತ ಬರೆಯಿರಿ. ಅದೂ ಒಂದು ಹೋಮ್ ವಿಸಿಟ್ಟೇ.

ಹೆಜ್ಜೆ 6: ಚಾಟ್‌ಜಿಪಿಟಿಯನ್ನು ಟ್ಯೂಷನ್ ಮೇಷ್ಟ್ರ ಥರ ಬಳಸಿ, ಬರೆದುಕೊಡುವವರ ಥರ ಅಲ್ಲ

ಬಳಸಲೇಬೇಡಿ ಅಂದರೆ ಯಾರೂ ಕೇಳೋದಿಲ್ಲ, ನನಗೂ ಗೊತ್ತು. ಅದಕ್ಕೆ ಗೆರೆ ಎಲ್ಲಿ ಅಂತ ಹೇಳುತ್ತೇನೆ. ಆಸಿಡ್-ಬೇಸ್ ಬ್ಯಾಲೆನ್ಸ್ ತಲೆಗೆ ಹೋಗುತ್ತಿಲ್ಲ, ಕನ್ನಡದಲ್ಲಿ ಸರಳವಾಗಿ ಹೇಳು ಅಂತ ಕೇಳಿ. ಹಾರ್ಟ್ ಫೇಲ್ಯೂರ್ ಮೇಲೆ ಹತ್ತು ಪ್ರಶ್ನೆ ಕೇಳು, ನಾನು ಉತ್ತರ ಹೇಳ್ತೀನಿ ಅನ್ನಿ. ನೀವು ಬರೆದ ಇಂಗ್ಲಿಷ್ ಸಾಲಿನ ವ್ಯಾಕರಣ ತಿದ್ದಿಸಿಕೊಳ್ಳಿ, ನಿಮ್ಮ ಕಾಲೇಜು ಬೇಡ ಅಂದಿಲ್ಲದಿದ್ದರೆ. ಅಂದಿದೆಯಾ ಇಲ್ಲವಾ ಗೊತ್ತಿಲ್ಲ ಅಂದರೆ ಟ್ಯೂಟರನ್ನು ಮೊದಲೇ ಕೇಳಿ, ಬಳಸಿದ್ದರೆ ಎಲ್ಲಿ ಬಳಸಿದ್ದೇನೆ ಅಂತ ಒಂದು ಸಾಲು ಬರೆಯಿರಿ.

"65 ವರ್ಷದ ಸ್ಟ್ರೋಕ್ ಪೇಷಂಟ್‌ಗೆ ಕೇರ್ ಪ್ಲ್ಯಾನ್ ಕೊಡು" ಅಂದರೆ ಕೊಡುತ್ತದೆ, ಅಂದವಾಗಿ ಕೊಡುತ್ತದೆ. ಆದರೆ ಅದು ಆ ಪೇಷಂಟ್‌ನ ಮುಖ ನೋಡಿಲ್ಲ. ಅವರಿಗೆ ನುಂಗಲು ಆಗುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ, ಆದರೂ ಬರೆಯುತ್ತದೆ. ರೆಫರೆನ್ಸ್ ಕೇಳಿದರೆ ಇಲ್ಲದ ಲೇಖನವನ್ನು ಲೇಖಕರ ಹೆಸರು, ವರ್ಷ, ಪುಟದ ಸಮೇತ ಹುಟ್ಟಿಸುವುದೂ ಉಂಟು. ಹಾಗಾಗಿ ಅದು ಕೊಟ್ಟ ಪ್ರತಿ ರೆಫರೆನ್ಸನ್ನೂ ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನಗಳ ಆನ್‌ಲೈನ್ ಪಟ್ಟಿ) ಹುಡುಕಿ ನೋಡಿ, ಲೈಬ್ರರಿಯಲ್ಲೂ ನೋಡಿ. ಎರಡೂ ಕಡೆ ಸಿಗದಿದ್ದರೆ ಬಿಟ್ಟುಬಿಡಿ. ಡೋಸ್ ಅಂತೂ ಯಾವತ್ತೂ ಅದನ್ನು ಕೇಳಬೇಡಿ. ಡ್ರಗ್ ಬುಕ್ ಇದೆ, ಫಾರ್ಮಸಿಯವರಿದ್ದಾರೆ, ಸಿಸ್ಟರ್ ಇದ್ದಾರೆ. ಪೇಷಂಟ್ ವಿವರ ಅಲ್ಲಿ ಪೇಸ್ಟ್ ಮಾಡಬೇಡಿ ಅಂತ ಬೇರೆ ಹೇಳಬೇಕಿಲ್ಲ ತಾನೇ.

ಹೆಜ್ಜೆ 7: ಪರೀಕ್ಷೆ

ಚೀಟಿ ಹಿಡಿದಾಗ ನಾನು ಕೇಳಿದ ಉತ್ತರ ಹೆಚ್ಚಾಗಿ ಇದೇ: "ಮ್ಯಾಮ್, ಗೊತ್ತಿದೆ, ಇಂಗ್ಲಿಷಲ್ಲಿ ಬರೆಯೋಕೆ ಬರಲ್ಲ." ಇದು ಸುಳ್ಳು ನೆಪ ಅಲ್ಲ. ಪಿಯುಸಿವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಅನಾಟಮಿ, ಫಿಸಿಯಾಲಜಿಯ ದಪ್ಪ ಇಂಗ್ಲಿಷ್ ಪುಸ್ತಕದ ಎದುರು ಕೂರುತ್ತಾರೆ. ಅರ್ಥವಾಗದೆ ಬಾಯಿಪಾಠ ಮಾಡುತ್ತಾರೆ, ಮರೆಯುತ್ತದೆ, ಆಮೇಲೆ ಚೀಟಿ.

ಇದಕ್ಕೆ ನಾನು ಹೇಳಿಕೊಡುವ ಕ್ರಮ ಇಷ್ಟೇ. ಮೊದಲು ವಿಷಯವನ್ನು ಕನ್ನಡದಲ್ಲಿ ರೂಮ್‌ಮೇಟ್‌ಗೆ ಜೋರಾಗಿ ಹೇಳಿ. ರಕ್ತ ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗಿ ಎಡಗಡೆಗೆ ಬರುತ್ತೆ ಅಂತ ಬೆರಳಲ್ಲಿ ತೋರಿಸಿ ಹೇಳುವಷ್ಟು. ಆಮೇಲೆ ಆ ಪಾಠದ ಹದಿನೈದು ಇಂಗ್ಲಿಷ್ ಪದ ಬೇರೆ ಹಾಳೆಯಲ್ಲಿ ಸ್ಪೆಲಿಂಗ್ ಸಮೇತ. ಆಮೇಲೆ ಚಿತ್ರ ಬರೆದು ಹೆಸರು ಹಾಕಿ. ಕೊನೆಗೆ ಐದೈದು ಪದದ ಪುಟ್ಟ ವಾಕ್ಯ. ಉದ್ದ ವಾಕ್ಯ ಬರೆದವರಿಗೆ ಬೋನಸ್ ಇಲ್ಲ.

ಫೇಲ್ ಆದರೆ? ಮತ್ತೆ ಬರೆಯಿರಿ. 4 ವರ್ಷದ ಬಿ.ಎಸ್‌ಸಿ ಮುಗಿಸಲು 8 ವರ್ಷದವರೆಗೆ ಅವಕಾಶ ಇದೆ. ಕಾಪಿ ಹೊಡೆದು ಸಿಕ್ಕಿಬಿದ್ದು ಮಾಲ್‌ಪ್ರಾಕ್ಟಿಸ್ ಕೇಸ್ ಆದರೆ ಒಂದು ಪೇಪರ್ ಹೋಗುವಲ್ಲಿ ಇಡೀ ಸೆಮಿಸ್ಟರ್ ಹೋಗಬಹುದು. ಮನೆಯಲ್ಲಿ ಹೇಳಲು ಯಾವುದು ಸುಲಭ ಅಂತ ನೀವೇ ನೋಡಿ.

ಹೆಜ್ಜೆ 8: ಥೀಸಿಸ್ ಬರೆಯುವವರಿಗೆ

ಎಂ.ಎಸ್‌ಸಿಯವರು ನಗಬೇಡಿ, ನಿಮ್ಮದೂ ಇದೆ. "ಬೆಂಗಳೂರಿನ ಆಯ್ದ ಆಸ್ಪತ್ರೆಯ ತಾಯಂದಿರಲ್ಲಿ ಇಂಥ ವಿಷಯದ ಜ್ಞಾನದ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ", ಸ್ಯಾಂಪಲ್ 60, ಪ್ರೀಟೆಸ್ಟ್, ಪೋಸ್ಟ್‌ಟೆಸ್ಟ್, ಪರಿಣಾಮಕಾರಿ ಅಂತ ಸಾಬೀತಾಯಿತು. ಲೈಬ್ರರಿಯ ಕಪಾಟು ಪೂರ್ತಿ ಇದೇ. "ಇಂಥ ವಿಷಯ" ಒಂದು ಬದಲಾಯಿಸಿದರೆ ಹೊಸ ಥೀಸಿಸ್. ಬೈಂಡಿಂಗ್ ಅಂಗಡಿಯಲ್ಲೇ ಸಾಫ್ಟ್ ಕಾಪಿ ಕೊಡ್ತೀನಿ ಅಂತ ನನಗೇ ಒಬ್ಬರು ಹೇಳಿದ್ದರು.

ಮೊದಲು ನಿಯಮ ತಿಳಿದುಕೊಳ್ಳಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಕೃತಿಚೌರ್ಯ ತಡೆಯಲು ಮಾಡಿದ ನಿಯಮದಲ್ಲಿ ಥೀಸಿಸ್‌ಗೆ ನಾಲ್ಕು ಮಟ್ಟ ಇದೆ. ಹೋಲಿಕೆ 10%ವರೆಗೆ ಇದ್ದರೆ ಶಿಕ್ಷೆ ಇಲ್ಲ. 10%ರಿಂದ 40% ಇದ್ದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ 6 ತಿಂಗಳು ಮೀರದ ಗಡುವು ಕೊಡುತ್ತಾರೆ. 40%ರಿಂದ 60% ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. 60% ದಾಟಿದರೆ ಆ ಕೋರ್ಸಿನ ನೋಂದಣಿಯೇ ರದ್ದು. ಮೂಲ ಹೇಳಿ ಉದ್ಧರಿಸಿದ್ದು, ರೆಫರೆನ್ಸ್ ಪಟ್ಟಿ, ಪರಿವಿಡಿ, ಕೃತಜ್ಞತೆ ಇವೆಲ್ಲ ಲೆಕ್ಕಕ್ಕೆ ಬರೋದಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯದಲ್ಲಿ ಸತತ 14 ಪದದವರೆಗೆ ಹೊಂದಿದರೂ ಬಿಡುತ್ತಾರೆ. ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ 2019ರಿಂದ ಶೋಧಶುದ್ಧಿ ಯೋಜನೆಯಲ್ಲಿ ವಿಶ್ವವಿದ್ಯಾಲಯಗಳಿಗೆ ಹೋಲಿಕೆ ಹಿಡಿಯುವ ಸಾಫ್ಟ್‌ವೇರ್ ಕೊಡುತ್ತಿದೆ, ಹಾಗಾಗಿ ನಿಮ್ಮ ಫೈಲ್ ಯಾರೂ ನೋಡೋದಿಲ್ಲ ಅಂದುಕೊಳ್ಳಬೇಡಿ.

ಆದರೆ 9% ಬಂತು ಅಂತ ಪಾರ್ಟಿ ಮಾಡಬೇಡಿ. ಸಾಫ್ಟ್‌ವೇರ್ ಹಿಡಿಯೋದು ಪದವನ್ನು. "ಇನ್‌ಕ್ರೀಸ್ಡ್" ಇದ್ದಲ್ಲಿ "ರೈಸ್ಡ್", "ಪೇಷಂಟ್ಸ್" ಇದ್ದಲ್ಲಿ "ಕ್ಲೈಂಟ್ಸ್" ಹಾಕಿ ಪರ್ಸೆಂಟೇಜ್ ಇಳಿಸಿದರೂ ಅದು ಬೇರೆಯವರ ವಿಚಾರವೇ. ನಮಗೆ ಇಲ್ಲಿ ಒಂದು ಅನುಕೂಲ ಇದೆ, ಕನ್ನಡ. ಲೇಖನ ಓದಿ, ಮುಚ್ಚಿಡಿ. ಅದರಲ್ಲಿ ಏನಿತ್ತು ಅಂತ ಗೆಳತಿಗೆ ಕನ್ನಡದಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಆ ಕನ್ನಡವನ್ನು ನಿಮ್ಮ ಇಂಗ್ಲಿಷಿಗೆ ತನ್ನಿ. ಮೂಲದ ವಾಕ್ಯ ತಾನಾಗಿಯೇ ಕಳಚಿಕೊಳ್ಳುತ್ತದೆ. ಆಗಲೂ ಲೇಖಕರ ಹೆಸರು ಹಾಕಬೇಕು, ಮರೆಯಬೇಡಿ.

ಸಾಫ್ಟ್‌ವೇರ್ ಹಿಡಿಯಲಾಗದ ಮೋಸ ಡೇಟಾದ್ದು. 60 ಪ್ರಶ್ನಾವಳಿಯಲ್ಲಿ 22 ತಾಯಂದಿರಿಂದ, 38 ಹಾಸ್ಟೆಲ್ ಮೆಸ್ಸಿನಿಂದ. ಹಿಡಿಯೋದು ಕಷ್ಟ ಅಂತೇನಿಲ್ಲ, ಹಾಳೆಗಳನ್ನು ಹರಡಿದರೆ ಸಾಕು. ಒಂದೇ ಪೆನ್ನು, ಒಂದೇ ಒತ್ತು, ಒಂದೂ ಪ್ರಶ್ನೆ ಖಾಲಿ ಇಲ್ಲ, ಒಂದು ಹಾಳೆಗೂ ಅರಿಶಿನ ತಾಗಿಲ್ಲ, ಮಗು ಎಳೆದು ಹರಿದಿಲ್ಲ. 22 ಸಿಕ್ಕರೆ 22 ಅಂತಲೇ ಬರೆದು, ಯಾಕೆ ಕಡಿಮೆ ಅಂತ ಮಿತಿಗಳಲ್ಲಿ ಹೇಳಿ. ಗೈಡ್ ಒಪ್ಪದಿದ್ದರೆ ಇನ್ನೊಂದು ಆಸ್ಪತ್ರೆ ಸೇರಿಸಲು ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಿ. ಟೀಚಿಂಗ್ ಪ್ರೋಗ್ರಾಂನಿಂದ ಏನೂ ಬದಲಾಗಲಿಲ್ಲ ಅಂತ ಬಂದರೆ ಅದನ್ನೇ ಬರೆಯಿರಿ, ನಿಜ ಹೇಳಬೇಕೆಂದರೆ ಅಂಥ ಥೀಸಿಸ್ ಒಂದು ಸಿಕ್ಕರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು ಓದುತ್ತೇನೆ. ಪ್ರಶ್ನಾವಳಿ ಬೇರೆಯವರದ್ದಾದರೆ ಅನುಮತಿ ಕೇಳಿ ಮೇಲ್ ಹಾಕಿ, ಉತ್ತರ ಜೋಡಿಸಿಡಿ. ತುಂಬಿದ ಹಾಳೆಗಳನ್ನು ವೈವಾ ಮುಗಿದ ಮೇಲೂ ಎಸೆಯಬೇಡಿ.

ಹೆಜ್ಜೆ 9: "ಕಾಲೇಜಿಗೆ ಬರೋದೇ ಬೇಡ" ಅನ್ನುವ ಏಜೆಂಟ್

ಸೀಟು ಕೊಡಿಸುವ ಏಜೆಂಟ್ ಹೀಗಂದರೆ ಫೋನ್ ಇಟ್ಟುಬಿಡಿ. ಕಾಲೇಜಿಗೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ಬಿ.ಎಸ್‌ಸಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಂಥ ವಿಶ್ವವಿದ್ಯಾಲಯದ ಸಂಯೋಜನೆ ಇದೆಯಾ ಅಂತ ಅವರವರ ವೆಬ್‌ಸೈಟಿನಲ್ಲೇ ನೋಡಿ, ಏಜೆಂಟ್ ಕಳಿಸಿದ ಪಿಡಿಎಫ್‌ನಲ್ಲಿ ಅಲ್ಲ.

ವಿದೇಶಕ್ಕೆ ಹೋಗೋ ಆಸೆ ಇದ್ದವರು ಇದನ್ನು ಕೇಳಿ. ಜನವರಿ 2023ರಲ್ಲಿ ಅಮೆರಿಕದ ಎಫ್‌ಬಿಐ ಮತ್ತು ಆರೋಗ್ಯ ಇಲಾಖೆಯ ತನಿಖಾ ವಿಭಾಗ "ಆಪರೇಷನ್ ನೈಟಿಂಗೇಲ್" ಹೆಸರಿನಲ್ಲಿ ಫ್ಲಾರಿಡಾದ ಜಾಲವೊಂದನ್ನು ಬಯಲಿಗೆಳೆಯಿತು. ಮೂರು ನರ್ಸಿಂಗ್ ಸ್ಕೂಲುಗಳ ಹೆಸರಿನಲ್ಲಿ 7,600ಕ್ಕೂ ಜಾಸ್ತಿ ನಕಲಿ ಡಿಪ್ಲೊಮಾ, ಅಂಕಪಟ್ಟಿ ಮಾರಾಟವಾಗಿದ್ದವು. 25 ಜನರ ಮೇಲೆ ಕೇಸಾಯಿತು. ಕೊಂಡವರಲ್ಲಿ ಸುಮಾರು 2,400 ಜನ ಲೈಸೆನ್ಸ್ ಪರೀಕ್ಷೆಯನ್ನೂ ಪಾಸ್ ಮಾಡಿದ್ದರು. ನನಗೆ ಎದೆ ಝಲ್ ಅಂದದ್ದು ಆ ಕೊನೆಯ ಸಂಖ್ಯೆಗೆ. ಬೇಕಾದ ಪೋಸ್ಟಿಂಗ್ ಮಾಡದವರೂ ಪರೀಕ್ಷೆ ಪಾಸಾದರು ಅಂದರೆ ಪರೀಕ್ಷೆ ಅಳೆಯೋದು ಏನನ್ನು?

ಟ್ಯೂಟರ್‌ಗಳಿಗೆ

ನಾವೂ ಪಾಪದ ಪಾಲುದಾರರೇ. ಒಂದು ಪೋಸ್ಟಿಂಗ್‌ಗೆ ಎಂಟು ಕೇರ್ ಪ್ಲ್ಯಾನ್, ನಾಲ್ಕು ಕೇಸ್ ಸ್ಟಡಿ, ಕೈಬರಹದಲ್ಲಿ, ಗೆರೆ ಹಾಕಿ, ಬಣ್ಣದ ಪೆನ್ನಲ್ಲಿ ಅಂತ ಕೇಳಿ, ಓದದೆ ಟಿಕ್ ಹಾಕಿ, ಆಮೇಲೆ ಕಾಪಿ ಹೊಡೀತಾರೆ ಅಂತ ಗೊಣಗಿದರೆ ಹೇಗೆ? ನಿಯಮ ಕೇಳಿದ್ದಕ್ಕಿಂತ ಜಾಸ್ತಿ ಬರೆಸಬೇಡಿ. ಬರೆದ ಒಂದೊಂದನ್ನೂ ಬೆಡ್ ಪಕ್ಕದಲ್ಲಿ ಐದು ನಿಮಿಷ ಕೇಳಿ. "ಈ ತಾತ ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದ್ರಂತೆ?" ಅಂದರೆ ಸಾಕು, ಕಾಪಿ ಹೊಡೆದವರು ತಾತನ ಮುಖ ನೋಡುತ್ತಾರೆ, ಹೊಡೆಯದವರು ನಿಮ್ಮ ಮುಖ ನೋಡಿ ಹೇಳುತ್ತಾರೆ. ಇನ್‌ಸ್ಪೆಕ್ಷನ್ ಹಿಂದಿನ ರಾತ್ರಿ "ಹಳೇ ರೆಕಾರ್ಡ್ ಎಲ್ಲ ತುಂಬಿಸಿ" ಅಂತ ಮಕ್ಕಳಿಗೆ ಹೇಳಿದ ಟ್ಯೂಟರ್ ಮಾರನೇ ದಿನ ಎಥಿಕ್ಸ್ ಪಾಠ ಮಾಡಬಾರದು.

ಹೆಜ್ಜೆ 10: ಈಗಾಗಲೇ ಸುಳ್ಳು ಬರೆದಿದ್ದರೆ

ಕೇಸ್ ಬುಕ್ ವಿಷಯವಾದರೆ ಟ್ಯೂಟರ್ ತಿದ್ದುವ ಮೊದಲೇ ಹೋಗಿ. "ಮ್ಯಾಮ್, ಈ ಎರಡು ನಾನು ಮಾಡಿಲ್ಲ, ಮತ್ತೆ ಬರೆದು ಕೊಡ್ತೀನಿ." ಅಷ್ಟು ಸಾಕು, ಕಾರಣದ ಪುರಾಣ ಬೇಡ. ಗೆಳತಿ ಮಾಡಿದ್ದು ನೋಡಿದರೆ ಮೊದಲು ಅವಳಿಗೇ ಹೇಳಿ, ಅವಳೇ ಹೋಗಿ ಹೇಳಲು ಒಂದು ದಿನ ಕೊಡಿ. ಆದರೆ ವಿಷಯ ಪೇಷಂಟ್ ಚಾರ್ಟಿನದ್ದಾದರೆ ದಿನ ಅಲ್ಲ, ನಿಮಿಷವೂ ಕಾಯಬೇಡಿ. ನಿಮ್ಮದಾಗಲಿ ಅವಳದ್ದಾಗಲಿ, ಡ್ಯೂಟಿ ಸಿಸ್ಟರ್‌ಗೆ ನೇರವಾಗಿ ಹೇಳಿ.

ನನ್ನ ಬ್ಯಾಚಿನ ಒಬ್ಬಳು ಹುಡುಗಿ, ಮೂರನೇ ವರ್ಷ, ನೈಟ್ ಡ್ಯೂಟಿ. ಬೆಳಿಗ್ಗೆ ಆರರ ಶುಗರ್ ನೋಡಬೇಕಿತ್ತು. ಗ್ಲುಕೋಮೀಟರ್ ಪಕ್ಕದ ವಾರ್ಡಿನವರು ತೆಗೆದುಕೊಂಡು ಹೋಗಿದ್ದರು, ಕೇಳಲು ಸಂಕೋಚ. ಹಿಂದಿನ ದಿನ 140ರ ಆಸುಪಾಸು ಇತ್ತಲ್ಲ ಅಂತ 142 ಬರೆದಳು. ಮುಖ ತೊಳೆದು ಬಂದಾಗ ಸಿಸ್ಟರ್ ತಿಂಡಿಗೆ ಮುಂಚಿನ ಇನ್ಸುಲಿನ್ ಸಿರಿಂಜಿಗೆ ಎಳೆಯುತ್ತಿದ್ದರು. ಅವಳು ಬಾಗಿಲಲ್ಲೇ ನಿಂತು, "ಸಿಸ್ಟರ್, ಆ 142 ನಾನು ನೋಡಿದ್ದಲ್ಲ" ಅಂದಳು. ಸಿಸ್ಟರ್ ಸಿರಿಂಜ್ ಟ್ರೇಯಲ್ಲಿ ಇಟ್ಟರು. ಯಾರೋ ಓಡಿ ಹೋಗಿ ಗ್ಲುಕೋಮೀಟರ್ ತಂದರು. ಪೇಷಂಟ್ ಕೈ ತಣ್ಣಗೆ ಬೆವರಿತ್ತು. ಇನ್ಸುಲಿನ್ ಕೊಡಲಿಲ್ಲ, ಸಕ್ಕರೆ ನೀರು ಕುಡಿಸಿದರು, ಡಾಕ್ಟರಿಗೆ ಫೋನ್ ಹೋಯಿತು. ಆ ಹಾಳೆಯನ್ನು ಆಮೇಲೆ ನಾನು ನೋಡಿದೆ. 142ರ ಮೇಲೆ ಒಂದು ಗೆರೆ, ಪಕ್ಕದಲ್ಲಿ 58, ಸಮಯ 6:25, ಅವಳ ಸಹಿ.